ಉಡುಪಿಯ ಪಿನ್‌ಕೋಡಿನ ಗುಟ್ಟು

ಮಂಗಳೂರು

ಪ್ರೀತಿಯ ಗೆಳೆಯ,

ನಿನ್ನ ವಿಳಾಸದ ಕೊನೆಗೆ ಬರೆಯುವ 576101 ಉಂಟಲ್ಲ, ಅದು ಅವಿಭಾಜ್ಯ ಸಂಖ್ಯೆ ಮಾರಾಯ. ನಮ್ಮ ಮಂಗಳೂರಿನ 575001ಕ್ಕೆ ಆ ಭಾಗ್ಯ ಇಲ್ಲ. ಕೊನೆಗೆ 1 ಇದೆಯೆಂದು ಮೋಸ ಹೋಗಬೇಡ. ಅಂಕಿಗಳ ಮೊತ್ತ 18, ಹಾಗಾಗಿ 9ರಿಂದ ಹೋಗುತ್ತದೆ. 575ರಲ್ಲಿ 001 ಕಳೆದರೆ 574, ಅಂದರೆ 7×82. ಆದ್ದರಿಂದ 7ರಿಂದಲೂ ಹೋಗುತ್ತದೆ. 1001 ಎಂದರೆ 7×11×13 ಆಗಿರುವುದರಿಂದ ಮೂರು ಮೂರು ಅಂಕಿ ತುಂಡು ಮಾಡಿ ಕಳೆಯುವ ಈ ಉಪಾಯ 11, 13ಕ್ಕೂ ನಡೆಯುತ್ತದೆ. ಕೊನೆಗೆ ಸಿಗುವುದು 3×3×7×9127. ಮಣಿಪಾಲದ 576104 ಸಮಸಂಖ್ಯೆ, ಅದರ ಮಾತೇ ಬೇಡ.

ನಿನ್ನದನ್ನು ಕೈಲೆಕ್ಕದಲ್ಲೇ ಪರೀಕ್ಷಿಸಬಹುದು. ಅರ್ಧದವರೆಗೆ ಭಾಗಿಸುತ್ತಾ ಕೂರುವವರಿದ್ದಾರೆ, ಅದು ದಂಡ. ವರ್ಗಮೂಲದವರೆಗೆ ಹೋದರೆ ಸಾಕು: 759ರ ವರ್ಗ 576081, 760ರದ್ದು 577600. ಎರಡು ಅಪವರ್ತನಗಳೂ 759 ಮೀರಿದರೆ ಗುಣಲಬ್ಧ ನಿನ್ನ ಸಂಖ್ಯೆಯನ್ನೇ ದಾಟಿಬಿಡುತ್ತದೆ. ಅಲ್ಲಿಗೆ 2ರಿಂದ 757ರವರೆಗಿನ 134 ಅವಿಭಾಜ್ಯಗಳು ಉಳಿದವು.

ಈಗ ಮಜಾ ನೋಡು. 576101 ಎಂದರೆ 759ರ ವರ್ಗಕ್ಕೆ ಬರೀ 20 ಹೆಚ್ಚು. ಹಾಗಾಗಿ ಆರಂಕಿಯ ಸಂಖ್ಯೆಯನ್ನು ಮುಟ್ಟುವುದೇ ಬೇಡ. 759ನ್ನು ಭಾಗಿಸು, ಶೇಷದ ವರ್ಗ ಮಾಡು, 20 ಕೂಡಿಸು; ಬಂದದ್ದು ಭಾಜಕದಿಂದ ಪೂರ್ತಿ ಹೋಗುತ್ತದೋ ನೋಡು. 109ನ್ನು ತೆಗೆದುಕೊ: 109×7=763, ನಮ್ಮದು 4 ಕಡಿಮೆ. 4ರ ವರ್ಗ 16, ಕೂಡಿಸಿದರೆ 36. 109ರಿಂದ ಹೋಗುವುದಿಲ್ಲ, ಮುಂದಕ್ಕೆ. ಕೊರತೆಯಾದರೂ ಉಳಿಕೆಯಾದರೂ ವರ್ಗ ಒಂದೇ, ಆದ್ದರಿಂದ ಯಾವುದು ಚಿಕ್ಕದೋ ಅದನ್ನು ಹಿಡಿ. 20 ಕೂಡಿಸಲು ಮರೆತೆಯೋ, ಕೆಟ್ಟಿತು: 759 ಎಂದರೆ 3×11×23, ಹಾಗಾಗಿ 3ರಲ್ಲೂ 23ರಲ್ಲೂ ಸೊನ್ನೆ ಬಂದು ಸಂಖ್ಯೆ ಒಡೆಯಿತೆಂದೇ ಕಾಣುತ್ತದೆ.

ಕೆಲಸ ಇನ್ನೂ ಅರ್ಧ ಮಾಡಬಹುದು. ಒಂದು ವರ್ಗಕ್ಕೆ 20 ಕೂಡಿಸಿದ ಸಂಖ್ಯೆಯನ್ನು, ಹತ್ತರ ಸ್ಥಾನದಲ್ಲಿ ಬೆಸ ಅಂಕಿ ಇರುವ ಅವಿಭಾಜ್ಯ ಎಂದೂ ಭಾಗಿಸುವುದಿಲ್ಲ. 11, 13, 37, 757 ಎಲ್ಲ ಹೊರಗೆ. ಇದು ಗಣಿತಜ್ಞ ಗೌಸ್ ಸಾಧಿಸಿದ ವರ್ಗಶೇಷಗಳ, ಅಂದರೆ ವರ್ಗಗಳನ್ನು ಭಾಗಿಸಿದಾಗ ಉಳಿಯುವ ಶೇಷಗಳ, ನಿಯಮದಿಂದ ಬರುವ ಮಾತು. ನಿನ್ನ ಸಂಖ್ಯೆ ಬೆಸ, ಕೊನೆಗೆ 1, ಆದ್ದರಿಂದ 2 ಮತ್ತು 5 ನೋಡುವ ಮೊದಲೇ ಹೋದವು. ಉಳಿಯುವುದು 63 ಲೆಕ್ಕ ಮಾತ್ರ, ಒಂದು ಸಂಜೆಯ ಕೆಲಸ. 83ರಲ್ಲಿ ಸ್ವಲ್ಪ ಎದೆ ಹೊಡೆದುಕೊಳ್ಳುತ್ತದೆ, ಶೇಷ 81 ಬರುತ್ತದೆ. ಇನ್ನೆರಡು ಸಿಕ್ಕಿದ್ದರೆ ಮುಗಿದಿತ್ತು! ನಿಜಕ್ಕೂ ಆ ಎರಡು ಕೂಡಿಸಿದರೆ ಬರುವ 576103 ಒಡೆಯುತ್ತದೆ, 83ರಿಂದಲೂ 11ರಿಂದಲೂ.

ಇನ್ನೊಂದಿದೆ. 576101ನ್ನು 4ರಿಂದ ಭಾಗಿಸಿದರೆ ಶೇಷ 1. ಅಂಥ ಅವಿಭಾಜ್ಯ ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಒಡೆಯುತ್ತದೆಂದು ಫರ್ಮಾ 1640ರಲ್ಲಿ ಹೇಳಿದ. ನೂರು ವರ್ಷ ಕಳೆದ ಮೇಲೆ ಆಯ್ಲರ್ ಸಾಧಿಸಿ ತೋರಿಸಿದ. ನಿನ್ನದರ ಜೋಡಿ 751 ಮತ್ತು 110. ವರ್ಗ ಮಾಡಿ ಕೂಡಿಸು: 564001, 12100. ಬೇರೆ ಜೋಡಿ ಹುಡುಕಬೇಡ, ಇಲ್ಲ.

ಇತಿ,
ನಿನ್ನ ಗೆಳೆಯ