ವೇಗಾ ಹೊರಡುವ ಮುನ್ನ ಮಗಳಿಗೊಂದು ಪತ್ರ

ಪುಟ್ಟಿ,

ನಿನ್ನೆ ರಾತ್ರಿ ದೀಪ ಆರಿಸುವಾಗ ನೀನು ಕೇಳಿದೆ, "ಅಪ್ಪಾ, ವೇಗಾಗೆ ನಾವು ನೆನಪಿರ್ತೀವಾ?" ನಾನು "ಮಲಗು, ನಾಳೆ ಮಾತಾಡೋಣ" ಅಂದುಬಿಟ್ಟೆ. ಗಂಟಲು ಕಟ್ಟಿತ್ತು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಅವಳು ನಮ್ಮನೆಗೆ ಬಂದಾಗ 8 ವಾರದ ಮರಿ. ಈಗ 14 ತಿಂಗಳು. ಗುರುವಾರ ತರಬೇತಿ ಕೇಂದ್ರಕ್ಕೆ ವಾಪಸ್ ಬಿಟ್ಟು ಬರಬೇಕು. ಕಣ್ಣು ಕಾಣದವರಿಗೆ ದಾರಿ ತೋರುವ ಗೈಡ್ ಡಾಗ್ ಆಗಲಿರುವ ಮರಿ ಸಾಕುವವರಿಗೆ ಈ ದಿನ ಬರುತ್ತದೆ ಅಂತ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದ ಮಾತ್ರಕ್ಕೆ ಸಂಕಟ ಕಡಿಮೆಯಾಗುವುದಿಲ್ಲ, ಅಲ್ವಾ?

ಹೆಸರಿಟ್ಟಿದ್ದು ನೀನು. ಒಂದೇ ಸೂಲಿನ ಮರಿಗಳಿಗೆಲ್ಲ ಒಂದೇ ಅಕ್ಷರದ ಹೆಸರು ಬೇಕು, 'ವ' ಅಕ್ಷರ ಅಂತ ಕೇಂದ್ರದವರು ಹೇಳಿದ ಕೂಡಲೇ "ವೇಗಾ" ಅಂದೆ. ಅಭಿಜಿತ್ ನಕ್ಷತ್ರ. 25 ಜ್ಯೋತಿರ್ವರ್ಷ ದೂರದ ಆ ಬೆಳಕಿನ ಹೆಸರು ಹೊತ್ತ ಮರಿ ಆವತ್ತು ನನ್ನ ಚಪ್ಪಲಿಯ ಮೇಲೆ ನಿದ್ದೆ ಹೋಗಿತ್ತು.

ಮುಂದೆ ಅವಳು ಬಸ್ಸಿನ ಸೀಟಿನ ಕೆಳಗೆ, ಆಫೀಸಿನ ಮೇಜಿನ ಕೆಳಗೆ ಗಂಟೆಗಟ್ಟಲೆ ಸುಮ್ನೆ ಮಲಗಿರಬೇಕು, ಅದನ್ನು ಈಗಲೇ ರೂಢಿ ಮಾಡಿಸಿ ಅಂದಿದ್ದರು. ಹೇಗೆ ಅಂತ ನನಗೆ ತಿಳಿಯಲಿಲ್ಲ. ದಾರಿ ಹುಡುಕಿದ್ದು ನೀನು. ರಾತ್ರಿ ಊಟ ಆದ ಮೇಲೆ ನಾವು ಸೈನ್ಸ್ ಫಿಕ್ಷನ್ ಓದುತ್ತಿದ್ದ ಹೊತ್ತನ್ನೇ ಅವಳ ಪಾಠದ ಹೊತ್ತು ಮಾಡಿದೆ. ನೀನು ಗಟ್ಟಿಯಾಗಿ ಓದುವುದು, ಅವಳು ಕುರ್ಚಿಯ ಪಕ್ಕ ಮಲಗಿರುವುದು. ಮೊದಲ ದಿನ ಅರ್ಧ ಪುಟಕ್ಕೇ ಎದ್ದಳು. ಬೈಯಲಿಲ್ಲ ನೀನು. ಓದು ನಿಲ್ಲಿಸಿ ಕಾದೆ. ಮತ್ತೆ ಮಲಗಿದಾಗ ಒಂದು ಕಾಳು ತಿಂಡಿ, ಮತ್ತೆ ಕಥೆ. ತಿಂಗಳು ಕಳೆಯುವಷ್ಟರಲ್ಲಿ ಒಂದು ಅಧ್ಯಾಯ. ಈಗ ನೀನು ಪುಸ್ತಕ ತೆಗೆದರೆ ಸಾಕು, ನಿಟ್ಟುಸಿರು ಬಿಟ್ಟು ಗಲ್ಲ ನೆಲಕ್ಕೆ ಇಡುತ್ತಾಳೆ. ಅಷ್ಟೊಂದು ಕಥೆ ಕೇಳಿದ ನಾಯಿ ಬೇರೆ ಇರಲಾರದು.

ನಮ್ಮಿಬ್ಬರ ಆ ವಾದ ನೆನಪಿದೆಯಾ? ಐಸಾಕ್ ಅಸಿಮೋವ್ 1942ರ ಒಂದು ಕಥೆಯಲ್ಲಿ ರೋಬಾಟ್‌ಗಳಿಗೆ ಮೂರು ನಿಯಮ ಬರೆದರು. ಮನುಷ್ಯನಿಗೆ ಹಾನಿಯಾಗಬಾರದು ಅನ್ನುವುದು ಮೊದಲನೆಯದು. ಮನುಷ್ಯ ಹೇಳಿದ್ದನ್ನು ಮಾಡಬೇಕು, ಆದರೆ ಮೊದಲನೆಯದಕ್ಕೆ ಅಡ್ಡ ಬಾರದಿದ್ದರೆ ಮಾತ್ರ ಅನ್ನುವುದು ಎರಡನೆಯದು. ನೀನು ತಟ್ಟನೆ "ವೇಗಾ ಕೂಡ ಹೀಗೇ ಆಗ್ತಾಳೆ" ಅಂದೆ. ನಾಯಿ ಹೇಳಿದ್ದನ್ನು ಕೇಳುತ್ತದೆ ಅಷ್ಟೇ ಅಂದೆ ನಾನು. ನೀನು ಹೇಳಿದ್ದೇ ಸರಿ. ರಸ್ತೆ ದಾಟುವ ಹೊತ್ತನ್ನು ತೀರ್ಮಾನಿಸುವುದು ನಾಯಿಯಲ್ಲ. ಅದು ಸಿಗ್ನಲ್ ದೀಪ ನೋಡಿ ನಡೆಯುವುದಿಲ್ಲ, ಕೆಂಪು ಹಸಿರಿನ ವ್ಯತ್ಯಾಸವೂ ಅದರ ಕಣ್ಣಿಗೆ ಸರಿಯಾಗಿ ತಿಳಿಯುವುದಿಲ್ಲ. ಕಣ್ಣು ಕಾಣದವರು ವಾಹನಗಳ ಸದ್ದು ಕೇಳಿ "ಮುಂದೆ" ಅನ್ನುತ್ತಾರೆ. ಆಗ ಸದ್ದಿಲ್ಲದ ಒಂದು ಕಾರು ಬಂದರೆ ನಾಯಿ ಮಾತು ಮೀರಬೇಕು. ಕಾಲೂರಿ ನಿಲ್ಲಬೇಕು.

ಆದರೆ ರೋಬಾಟ್‌ನ ನಿಯಮ ತಯಾರಾಗುವಾಗಲೇ ಅದರ ತಲೆಯೊಳಗೆ ಇರುತ್ತದೆ. ನಾಯಿಯೊಳಗೆ ಹಾಗೆ ಏನನ್ನೂ ಇಟ್ಟು ಕಳಿಸಲು ಆಗುವುದಿಲ್ಲ. ಮಾತು ಮೀರುವ ಆ ಪಾಠವನ್ನು ಕೇಂದ್ರದವರೇ ಕಲಿಸುತ್ತಾರೆ, ನಾವಲ್ಲ. ಆದರೂ ಹೆದರಿ ಬೆಳೆದ ನಾಯಿ "ಬೇಡ" ಅಂತ ನಿಲ್ಲಲಾರದು ಅಂತಲೇ ನನ್ನ ನಂಬಿಕೆ. ನೀನು ಬೈಯದೆ ಕಾದ ಆ ಅರ್ಧ ಪುಟಗಳಿಗೆ ಅಷ್ಟು ಬೆಲೆ ಇದೆ.

ಇನ್ನೊಂದು ವಿಷಯ ನಿನಗೆ ಹೇಳಬೇಕು ಅಂತ ತುಂಬಾ ದಿನದಿಂದ ಇದೆ. ಯಾಕೋಬ್ ಫಾನ್ ಉಕ್ಸ್‌ಕ್ಯುಲ್ ಅಂತ ಒಬ್ಬ ಜೀವವಿಜ್ಞಾನಿ ಇದ್ದರು. ಒಂದೊಂದು ಪ್ರಾಣಿಯೂ ತನ್ನದೇ ಒಂದು ಲೋಕದಲ್ಲಿ ಬದುಕುತ್ತದೆ, ಒಂದೇ ಕೋಣೆ ನೊಣಕ್ಕೆ ಬೇರೆ, ನಾಯಿಗೆ ಬೇರೆ, ನಮಗೆ ಬೇರೆ ಅನ್ನುವುದು ಅವರ ವಿಚಾರ. 1930ರ ದಶಕದಲ್ಲಿ ಅವರು ಜರ್ಮನಿಯಲ್ಲಿ ಗೈಡ್ ಡಾಗ್‌ಗಳ ತರಬೇತಿಗೂ ಕೈ ಹಾಕಿದರು. ತಲೆಗೆ ಬಡಿಯುವ ಕೊಂಬೆ ನಾಯಿಗೆ ಲೆಕ್ಕಕ್ಕೇ ಇಲ್ಲ, ಅದು ಕೆಳಗಿಂದ ನುಸುಳಿ ಹೋಗುತ್ತದೆ. ಹಾಗಾಗಿ ಅವರು ನಾಯಿಗೆ ಮನುಷ್ಯನ ಅಳತೆಯ ಒಂದು ಗಾಡಿ ಕಟ್ಟಿದರು. ನಾಯಿ ನುಸುಳಿದರೂ ಗಾಡಿ ತಗಲಿಕೊಳ್ಳುತ್ತಿತ್ತು. ಹೀಗೆ ನಾಯಿ ತನಗೆ ಬೇಕಿಲ್ಲದ ಎತ್ತರವನ್ನು, ಅಗಲವನ್ನು ನೆನಪಿಟ್ಟುಕೊಂಡು ನಡೆಯುವುದನ್ನು ಕಲಿಯಿತು. ಇದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ಬೇರೆ ಗ್ರಹದ ಜೀವಿ ನಮ್ಮನ್ನು ಅರ್ಥ ಮಾಡಿಕೊಳ್ಳುವ ಕಥೆಗಳನ್ನು ನಾವು ಎಷ್ಟು ಓದಿಲ್ಲ! ಅಂಥದ್ದೊಂದು ನಮ್ಮ ಕುರ್ಚಿಯ ಪಕ್ಕದಲ್ಲೇ ಬೆಳೆಯುತ್ತಿತ್ತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಮಿದುಳಿನ ಬಗ್ಗೆ ಸಂಶೋಧನೆ ಮಾಡುವ ಗ್ರೆಗರಿ ಬರ್ನ್ಸ್ ಮತ್ತು ಅವರ ಜೊತೆಗಾರರು 12 ನಾಯಿಗಳಿಗೆ ಎಂಆರ್‌ಐ ಯಂತ್ರದೊಳಗೆ ಅಲುಗಾಡದೆ ಮಲಗುವುದನ್ನು ಕಲಿಸಿದ್ದರು. ಕಟ್ಟಿಹಾಕದೆ, ಮಂಪರು ಕೊಡದೆ. ಐದು ವಾಸನೆ ತೋರಿಸಿದರು: ಅದರದೇ ವಾಸನೆ, ಗೊತ್ತಿರುವ ನಾಯಿ, ಗೊತ್ತಿಲ್ಲದ ನಾಯಿ, ಗೊತ್ತಿರುವ ಮನುಷ್ಯ, ಗೊತ್ತಿಲ್ಲದ ಮನುಷ್ಯ. ಖುಷಿಯ ನಿರೀಕ್ಷೆಯಲ್ಲಿ ಮಿಡಿಯುವ ಮಿದುಳಿನ ಭಾಗ ಎಲ್ಲಕ್ಕಿಂತ ಜಾಸ್ತಿ ಮಿಡಿದದ್ದು ಗೊತ್ತಿರುವ ಮನುಷ್ಯನ ವಾಸನೆಗೆ. ಆ ಮನುಷ್ಯ ಎದುರಿಗೆ ಇರಲೂ ಇಲ್ಲ.

ಹಾಗಾಗಿ ನಿನ್ನ ವಾಸನೆಗೆ ಅವಳೊಳಗೆ ಒಂದು ಜಾಗ ಇದೆ ಅಂತ ನಾನು ನಂಬುತ್ತೇನೆ. ಅಷ್ಟೇ ಗಟ್ಟಿಯಾಗಿ ಇನ್ನೊಂದನ್ನೂ ಬಯಸುತ್ತೇನೆ. ಮುಂದೆ ಯಾರ ಕೈ ಅವಳ ಮೈಗೆ ಕಟ್ಟಿದ ಹಾರ್ನೆಸ್ ಪಟ್ಟಿ ಹಿಡಿಯುತ್ತದೋ, ಅವರ ವಾಸನೆ ಅವಳಿಗೆ ನಮ್ಮದಕ್ಕಿಂತ ಹೆಚ್ಚು ಪ್ರೀತಿಯದಾಗಲಿ. ಎಲ್ಲ ಮರಿಗಳೂ ಗೈಡ್ ಡಾಗ್ ಆಗುವುದಿಲ್ಲ. ಅವಳು ಆಗದಿದ್ದರೆ ಬೇರೆ ಕೆಲಸ ಇರುತ್ತದೆ, ಇಲ್ಲವೇ ಒಂದು ಒಳ್ಳೆಯ ಮನೆ. ಅದಕ್ಕೆ ನೀನು ಹೆದರಬೇಡ.

ಅವಳು ಮೂರು ತಿಂಗಳ ಮರಿಯಾಗಿದ್ದಾಗ ನನ್ನ ಹಳೆಯ ಪುಸ್ತಕದ ಕೊನೆಯ ಪುಟಗಳನ್ನು ಕಚ್ಚಿ ಹರಿದಿದ್ದಳಲ್ಲ, ಆಗ ನೀನೇ ಕಥೆಗೆ ಒಂದು ಕೊನೆ ಬರೆದು ಒಳಗೆ ಅಂಟಿಸಿದ್ದೆ. ಇವತ್ತು ಅದನ್ನು ಮತ್ತೆ ತೆಗೆದು ನೋಡಿದೆ. ನೆಲದ ಮೇಲೆ ಉಳಿದವರು ಕೈ ಬೀಸುವುದು ಒಂದೇ ಸಾಲು. ಆಮೇಲಿನ ಎರಡು ಪುಟವೂ ಹೊರಟ ನೌಕೆಯ ಒಳಗಿನ ಮಾತು. ಅಲ್ಲಿ ಏನೇನು ಕಂಡಿತು, ಯಾರು ಸಿಕ್ಕರು ಅಂತ.

ಬುಧವಾರ ರಾತ್ರಿ ಅದನ್ನೇ ಓದೋಣ. ನೀನೇ ಓದು. ನಾನು ಓದಿದರೆ ಅವಳು ಅಷ್ಟು ಬೇಗ ಮಲಗುವುದಿಲ್ಲ.

ನಿನ್ನ
ಅಪ್ಪ