ಕಿವಿ ಮುಂದಿನ ತೂತು: ಸೀಳಿ ಕಳಿಸಿದರೆ ಸಾಲದು

ಸಂಪಾದಕರಿಗೆ ನಮಸ್ಕಾರ.

ಕೆಲವು ಮಕ್ಕಳಿಗೆ ಕಿವಿಯ ಮೇಲ್ಭಾಗ ಮುಖಕ್ಕೆ ಸೇರುವ ಕಡೆ ಸೂಜಿ ಚುಚ್ಚಿದಂಥ ತೂತು ಹುಟ್ಟಿನಿಂದಲೇ ಇರುತ್ತದೆ. ವೈದ್ಯರು ಅದನ್ನು ಪ್ರಿಆರಿಕ್ಯುಲರ್ ಸೈನಸ್ ಎನ್ನುತ್ತಾರೆ. ನನ್ನ ಮಗಳಿಗೂ ಇತ್ತು. ಅದು ಕೀವು ತುಂಬಿ ಊದಿಕೊಂಡಾಗಲೆಲ್ಲ ಒಂದು ಕ್ಲಿನಿಕ್ಕಿನಲ್ಲಿ ಸೀಳಿ, ಹಿಂಡಿ, ಬ್ಯಾಂಡೇಜ್ ಹಾಕಿ ಕಳಿಸುತ್ತಿದ್ದರು. ಸ್ವಲ್ಪ ದಿನಕ್ಕೆ ಮತ್ತೆ ಅದೇ ಊತ, ಅದೇ ಅಳು. ಯಾಕೆ ಮರಳಿ ಬರುತ್ತಿದೆ ಅಂತ ಅಲ್ಲಿ ಯಾರೂ ಹೇಳಲಿಲ್ಲ. ಆ ಸಂಕಟಕ್ಕೇ ಈ ಪತ್ರ.

ಹೊರಗೆ ಕಾಣುವುದು ತೂತಿನ ಬಾಯಿ ಮಾತ್ರ. ಒಳಗೆ ಚರ್ಮವೇ ಕೊಳವೆಯಾಗಿ ಇಳಿದಿರುತ್ತದೆ, ಎಷ್ಟೋ ಸಲ ಕವಲೊಡೆದು ಕಿವಿಯ ಮೆದುಮೂಳೆಗೆ ಅಂಟಿರುತ್ತದೆ. ಗರ್ಭದಲ್ಲಿ ಆರನೇ ವಾರದ ಹೊತ್ತಿಗೆ ಆರು ಪುಟ್ಟ ಉಬ್ಬುಗಳು ಕೂಡಿಕೊಂಡು ಹೊರಕಿವಿ ಮೂಡುತ್ತದೆ. ಅವು ಸರಿಯಾಗಿ ಬೆಸೆಯದಿದ್ದರೆ ಇದು ಉಳಿಯುತ್ತದೆ. ಬಸುರಿನಲ್ಲಿ ತಾಯಿ ಮಾಡಿದ ಯಾವ ತಪ್ಪೂ ಇದಕ್ಕೆ ಕಾರಣವಲ್ಲ, ದಯವಿಟ್ಟು ಯಾರೂ ಹಾಗೆ ದೂರಬೇಡಿ. ಕೊಳವೆಯ ಒಳಗೂ ಚರ್ಮವೇ ಇರುವುದರಿಂದ ಸತ್ತ ಪದರ ಉದುರಿ ಅಲ್ಲೇ ಸೇರುತ್ತದೆ. ಒತ್ತಿದರೆ ಬರುವ ಬಿಳಿ, ವಾಸನೆಯ ಮೇಣದಂಥದ್ದು ಅದೇ. ಬಾಯಿ ಕಟ್ಟಿಕೊಂಡು ಸೋಂಕು ತಗುಲಿದರೆ ಕೀವು.

ಕೀವು ತೆಗೆದರೆ ನೋವು ಇಳಿಯುತ್ತದೆ, ಕೊಳವೆ ಅಲ್ಲೇ ಇರುತ್ತದೆ ಅಲ್ವಾ? ಸೀಳಿದಷ್ಟೂ ಒಳಗೆ ಗಾಯದ ಕಲೆ ಗಟ್ಟಿಯಾಗಿ, ಮುಂದಿನ ಆಪರೇಷನ್‌ನಲ್ಲಿ ಕೊಳವೆ ಯಾವುದು, ಕಲೆ ಯಾವುದು ಅಂತ ಗುರುತಿಸುವುದೇ ಕಷ್ಟ. ಇದನ್ನೆಲ್ಲ ನಮಗೆ ಚಿತ್ರ ಬರೆದು ತೋರಿಸಿದ್ದು ಆಮೇಲೆ ಸಿಕ್ಕ ಇಎನ್‌ಟಿ ಸರ್ಜನ್. ಮೊದಲು ಆಂಟಿಬಯೋಟಿಕ್, ಕೀವು ಜಾಸ್ತಿ ಇದ್ದರೆ ಆದಷ್ಟು ಸೂಜಿಯಿಂದಲೇ ಎಳೆದು ತೆಗೆಯುವುದು. ಸೋಂಕು ಪೂರ್ತಿ ಆರಿ ಕೆಲವು ವಾರ ಕಳೆದ ಮೇಲೆ ಸರ್ಜರಿ. ತೂತಿನೊಳಗೆ ನೀಲಿ ಬಣ್ಣ ಬಿಡುತ್ತಾರೆ, ಅದು ಹರಿದ ಕವಲೆಲ್ಲ ನೀಲಿಯಾಗಿ ಕಾಣುತ್ತದೆ. ಕೊಯ್ತವನ್ನು ಕಿವಿಯ ಮೇಲಕ್ಕೂ ಒಯ್ದು, ಸುತ್ತಲಿನ ಅಂಗಾಂಶ, ಅಂಟಿದ ಚೂರು ಮೆದುಮೂಳೆ ಸಮೇತ ಒಟ್ಟಿಗೆ ತೆಗೆದರೆ ಮರುಕಳಿಸುವುದು ಕಡಿಮೆ. ಒಂದು ಕವಲು ಉಳಿದರೂ ಮತ್ತೆ ಕೀವೇ.

ತೊಂದರೆ ಕೊಡದ ತೂತನ್ನು ಸುಮ್ನೆ ಬಿಡಬಹುದು, ಹಿಂಡಲೂಬಾರದು. ಆದರೆ ಮಗುವಿಗೆ ಕಿವಿ ಸರಿಯಾಗಿ ಕೇಳದಿದ್ದರೆ, ಕುತ್ತಿಗೆಯಲ್ಲೂ ತೂತಿದ್ದರೆ, ಮನೆತನದಲ್ಲಿ ಕಿವುಡು ಅಥವಾ ಕಿಡ್ನಿ ತೊಂದರೆ ಇದ್ದರೆ ಕಿವಿ ಪರೀಕ್ಷೆಯ ಜೊತೆ ಕಿಡ್ನಿ ಸ್ಕ್ಯಾನ್ ಕೂಡ ಮಾಡಿಸಬೇಕು, ಅಪರೂಪಕ್ಕೆ ಇವೆಲ್ಲ ಒಟ್ಟಿಗೆ ಬರುವುದುಂಟು. ತೂತು ಕಿವಿಯ ಕೆಳಗೆ, ದವಡೆ ಮೂಲೆಯ ಹತ್ತಿರ ಇದ್ದರೆ ಅದು ಬೇರೆಯದೇ ಇರಬಹುದು. ಮುಖದ ನರ ಅಲ್ಲೇ ಹಾದು ಹೋಗುವುದರಿಂದ ಅಲ್ಲಿ ಇನ್ನೂ ಹುಷಾರು ಬೇಕು.

ಕೀವು ತೆಗೆಯುವ ವೈದ್ಯರಲ್ಲಿ ನನ್ನ ಬೇಡಿಕೆ ಇಷ್ಟೇ. ಊದಿಕೊಂಡ ಮಗು ಬಂದಾಗ ತೂತು ಎಲ್ಲಿದೆ ಅಂತ ಮೊದಲು ನೋಡಿ. ಇದು ಹುಟ್ಟಿನಿಂದ ಬಂದದ್ದು, ಬೇರು ಒಳಗಿದೆ ಅಂತ ತಂದೆ ತಾಯಿಗೆ ಅವತ್ತೇ ಹೇಳಿ, ಇಎನ್‌ಟಿ ತಜ್ಞರಿಗೆ ಚೀಟಿ ಬರೆದು ಕೊಡಿ.

– ಒಬ್ಬ ತಾಯಿ