ಬ್ರೇಕ್‌ಗೆ ಗಾಳಿ ಬೇಕು ನಿಜ, ಎಲ್ಲಿಗೆ ಬೇಕು ಅಂತ ನೋಡಿ

ಮಾನ್ಯ ಸಂಪಾದಕರೆ,

ಈಚೆಗೆ ನನ್ನ ಬಳಿ ಬರುವ ಕೆಲವು ಕಾರುಗಳ ಮುಂದಿನ ಬಂಪರ್ ಒಳಗೆ ಕೈ ಹಾಕಿದರೆ ಸುಕ್ಕುಸುಕ್ಕಾದ ಪೈಪೊಂದು ಕೈಗೆ ತಾಗುತ್ತದೆ. ಫಾಗ್ ಲ್ಯಾಂಪ್ ಜಾಗದ ಮುಚ್ಚಳ ಕಿತ್ತು, ಅಲ್ಲಿಂದ ಚಕ್ರದ ಕಡೆಗೆ ಪೈಪು ಎಳೆದು, ಪ್ಲಾಸ್ಟಿಕ್ ಟೈ ಬಿಗಿದಿರುತ್ತಾರೆ. ಬ್ರೇಕ್ ತಣ್ಣಗಿರಲಿ ಅಂತ ವಿಡಿಯೊ ನೋಡಿ ಮನೆಯಲ್ಲೇ ಮಾಡಿಕೊಂಡ ಏರ್ಪಾಡು. ಬ್ರೇಕ್ ಕೆಲಸವೇ ನನ್ನ ಕಸುಬು. ಕಾರಿನವರು ಬ್ರೇಕ್ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡರೆ ನನಗೆ ಖುಷಿಯೇ. ಆದರೆ ಆ ಪೈಪಿನ ಬಾಯಿ ತೆರೆದಿರುವುದು ಬಹುಪಾಲು ತಪ್ಪು ಜಾಗಕ್ಕೆ. ಚಕ್ರದ ಜೊತೆ ತಿರುಗುವ ಬ್ರೇಕ್ ಡಿಸ್ಕಿನ ಮುಖಕ್ಕೆ ನೇರವಾಗಿ ಊದುವಂತೆ ಇಟ್ಟಿರುತ್ತಾರೆ, ಇಲ್ಲವೇ ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಕ್ಯಾಲಿಪರ್ ಕಡೆಗೆ.

ಮುಂದಿನ ಚಕ್ರ ಬಿಚ್ಚಿ ಡಿಸ್ಕನ್ನು ಅಂಚಿನ ಕಡೆಯಿಂದ ನೋಡಿ. ಈಗಿನ ಹೆಚ್ಚಿನ ಕಾರುಗಳಲ್ಲಿ ಅದು ಒಂದೇ ತಟ್ಟೆಯಲ್ಲ. ಎರಡು ತಟ್ಟೆ, ನಡುವೆ ಸಂದು, ಸಂದಿನೊಳಗೆ ಸಾಲಾಗಿ ಅಡ್ಡಗೋಡೆಗಳು. ಚಕ್ರ ಉರುಳುವಾಗ ಈ ಗೋಡೆಗಳು ಸಂದಿನಲ್ಲಿರುವ ಗಾಳಿಯನ್ನು ಅಂಚಿನಿಂದಾಚೆ ತಳ್ಳುತ್ತವೆ. ತೆರವಾದ ಜಾಗಕ್ಕೆ ಹಬ್ಬಿನ, ಅಂದರೆ ಚಕ್ರ ಕೂರುವ ನಡುಗುಂಬದ, ಸುತ್ತಲಿನಿಂದ ಹೊಸ ಗಾಳಿ ನುಗ್ಗುತ್ತದೆ. ಡಿಸ್ಕೇ ಒಂದು ಪಂಪು. ನೀವು ತರುವ ಗಾಳಿ ಈ ಪಂಪಿನ ಬಾಯಿಗೆ ಸಿಗಬೇಕು, ಅಂದರೆ ಡಿಸ್ಕಿನ ಒಳಬದಿಯಲ್ಲಿ, ಹಬ್ಬಿಗೆ ಅಂಟಿದಂತಿರುವ ನಡುಭಾಗಕ್ಕೆ. ಒಳಮುಖಕ್ಕೆ ಮಾತ್ರ ಊದಿದರೆ ಒಳತಟ್ಟೆ ತಣಿಯುತ್ತದೆ, ಹೊರತಟ್ಟೆ ಬಿಸಿಯಾಗಿಯೇ ಉಳಿಯುತ್ತದೆ. ಎರಕದ ಕಬ್ಬಿಣಕ್ಕೆ ಈ ಪಂಕ್ತಿಭೇದ ಆಗಿಬರುವುದಿಲ್ಲ. ಡಿಸ್ಕು ಸೊಟ್ಟಗಾಗುತ್ತದೆ, ಮೇಲೆ ಕೂದಲೆಳೆಯಂಥ ಬಿರುಕು ಏಳುತ್ತವೆ.

ಇನ್ನೊಂದು ಮಾತು. ಪೈಪು ತೂರಿಸುವ ಮೊದಲು, ಆ ಬಿಸಿ ನಿಜವಾಗಿ ಬ್ರೇಕ್ ಹಾಕಿದ್ದರಿಂದಲೇ ಬಂದದ್ದೋ ಅಂತ ನೋಡಿದವರು ಕಡಿಮೆ. ಒಂದೇ ಚಕ್ರ ಬಿಸಿಯಾಗುತ್ತಿದ್ದರೆ ಅದಕ್ಕೆ ಗಾಳಿ ಮದ್ದಲ್ಲ. ಪೆಡಲ್ ಬಿಟ್ಟ ಮೇಲೂ ಪ್ಯಾಡು ಡಿಸ್ಕನ್ನು ಬಿಟ್ಟಿಲ್ಲ ಎಂದೇ ಸಾಮಾನ್ಯವಾಗಿ ಅರ್ಥ. ನನ್ನ ಕೈಗೆ ಬರುವ 'ಬ್ರೇಕ್ ಕಾಯುತ್ತೆ' ಎಂಬ ದೂರುಗಳ ಹಿಂದೆ ಹೆಚ್ಚಾಗಿ ಇರುವುದು ಕ್ಯಾಲಿಪರ್ ಜಾರುವ ಪಿನ್ನು. ರಬ್ಬರ್ ಬೂಟು ಹರಿದು ನೀರು ಹೋಗಿ ತುಕ್ಕು ಹಿಡಿದಿರುತ್ತದೆ, ಇಲ್ಲವೇ ಯಾರೋ ಬೇರಿಂಗ್ ಗ್ರೀಸ್ ಮೆತ್ತಿ ರಬ್ಬರ್ ಊದಿಕೊಂಡಿರುತ್ತದೆ. ಪಿನ್ನು ಬಿಚ್ಚಿ, ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ ಹಾಕಿದರೆ ಅದು ಬೆರಳಲ್ಲಿ ಒತ್ತಿದರೂ ಸಲೀಸಾಗಿ ಒಳಹೊರಗೆ ಆಡಬೇಕು. ಮನೆಯಲ್ಲಿ ಮಾಡಬಹುದಾದ ಕೆಲಸವೇ. ಜ್ಯಾಕ್ ಒಂದನ್ನೇ ನಂಬಿ ಕೂರಬೇಡಿ, ಕೆಳಗೆ ಸ್ಟ್ಯಾಂಡ್ ಕೊಡಿ.

ಬಿಸಿ ಅಳೆಯಲು ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು. ಆದರೆ ಉಜ್ಜಿ ಹೊಳೆಯುವ ಡಿಸ್ಕಿನ ಮೇಲೆ ಅದು ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಅಂಕಿಯನ್ನು ನಂಬಿ ಕೂರದೆ ಎಡ ಚಕ್ರ, ಬಲ ಚಕ್ರ ಎರಡನ್ನೂ ಒಂದೇ ಜಾಗದಲ್ಲಿ ಅಳೆದು ಹೋಲಿಸಿ. ಎರಡರ ನಡುವೆ ದೊಡ್ಡ ಅಂತರ ಕಂಡರೆ ಮೊದಲು ಕ್ಯಾಲಿಪರ್ ಬಿಚ್ಚಿ.

ಕ್ಯಾಲಿಪರ್ ಸರಿಯಿದ್ದು, ವೇಗವಾಗಿ ಓಡಿಸಿ ಪದೇಪದೇ ಬಲವಾಗಿ ಬ್ರೇಕ್ ಹಾಕುವ ಪ್ರಸಂಗ ನಿಮಗಿದ್ದರೆ ಪೈಪಿನಿಂದ ಖಂಡಿತ ಉಪಯೋಗವಿದೆ. ರೇಸಿನವರು ಸುಮ್ಮನೆ ಹಾಕುವುದಿಲ್ಲ. ಗಾಳಿ ಒಳಹೋಗುವ ಬಾಯಿ ಬಂಪರಿನ ಎದುರುಮುಖದಲ್ಲಿ, ಗಾಳಿ ಬಂದು ಒತ್ತುವ ಕಡೆ ಇರಲಿ. ಎರಡೂವರೆಯಿಂದ ಮೂರು ಇಂಚಿನ, ಬಿಸಿ ತಡೆಯುವ ಸಿಲಿಕಾನ್ ಲೇಪದ ಫೈಬರ್‌ಗ್ಲಾಸ್ ಹೋಸ್ ಹಾಕಿ. ತಿರುವು ಹೆಚ್ಚಿದಷ್ಟೂ ಗಾಳಿ ಸೊರಗುತ್ತದೆ. ನೀರಿನ ಪಿವಿಸಿ ಪೈಪು ಡಿಸ್ಕಿನ ಹತ್ತಿರ ಮೆತ್ತಗಾಗಿ ಜೋತುಬೀಳುತ್ತದೆ. ಹೋಸ್ ಕಟ್ಟಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಚಕ್ರ ಎತ್ತಿದಾಗೊಮ್ಮೆ, ಇಳಿಸಿದಾಗೊಮ್ಮೆ. ಹೋಸ್ ಟೈರಿಗೆ ತಾಗಬಾರದು, ಬ್ರೇಕ್ ಆಯಿಲ್ ಹೋಗುವ ರಬ್ಬರ್ ಪೈಪಿಗಂತೂ ತಾಗಲೇಬಾರದು. ಸ್ವಲ್ಪ ದಿನ ಓಡಿಸಿ ಮತ್ತೆ ಬಗ್ಗಿ ನೋಡಿದರೆ ಎಲ್ಲಿ ಉಜ್ಜಿದೆಯೋ ಅಲ್ಲಿ ಧೂಳು ಹೋಗಿ ಕಪ್ಪಗೆ ಹೊಳೆಯುತ್ತಿರುತ್ತದೆ.

ಇಷ್ಟು ಬೇಡ ಅನ್ನುವವರಿಗೆ ಇನ್ನೂ ಸರಳ ಉಪಾಯವಿದೆ. ಚಕ್ರವನ್ನು ಕೆಳಗಿನಿಂದ ಹಿಡಿದಿರುವ ಲೋವರ್ ಆರ್ಮಿಗೆ ಬಾಗಿದ ಪ್ಲಾಸ್ಟಿಕ್ ಎಲೆಯೊಂದನ್ನು ಸಿಕ್ಕಿಸಿ, ಕಾರಿನಡಿ ಹರಿದುಬರುವ ಗಾಳಿಯನ್ನು ಡಿಸ್ಕಿನ ನಡುವಿಗೆ ತಿರುಗಿಸುವುದು. ಪೋರ್ಶೆ ಕಾರುಗಳಲ್ಲಿ ಕಂಪನಿಯೇ ಇಂಥದ್ದನ್ನು ಕೊಡುತ್ತದೆ. ಬಂಪರ್ ಕೊರೆಯುವುದು ಬೇಡ, ಆರ್ಮಿನ ಜೊತೆಗೇ ಏರಿಳಿಯುವುದರಿಂದ ಉಜ್ಜಾಟವೂ ಕಡಿಮೆ. ನೆಲಕ್ಕೆ ಎಷ್ಟು ಹತ್ತಿರ ಬರುತ್ತದೆ ಅಂತ ಮಾತ್ರ ನೋಡಿಕೊಳ್ಳಿ.

ಡಿಸ್ಕಿನ ಹಿಂದಿನ ತಗಡು ಗಾಳಿಗೆ ಅಡ್ಡ ಅಂತ ಕಿತ್ತೆಸೆದವರನ್ನೂ ನೋಡಿದ್ದೇನೆ. ಅಡ್ಡ ಹೌದು, ಆದರೆ ನೀರು, ಜಲ್ಲಿಕಲ್ಲಿಗೂ ಅದೇ ಅಡ್ಡ. ಅದರ ಹಿಂದಿರುವ ಬಾಲ್ ಜಾಯಿಂಟಿನ ರಬ್ಬರು, ಎಬಿಎಸ್ ಸೆನ್ಸರಿನ ವೈರು ಡಿಸ್ಕಿನ ಬಿಸಿಗೆ ಬೇಯದಂತೆ ಕಾಯುವುದೂ ಅದೇ. ದಿನಬಳಕೆಯ ಕಾರಿನಲ್ಲಿ ಇರಲಿ ಬಿಡಿ. ಡ್ರಿಲ್ ಹಿಡಿದು ಡಿಸ್ಕಿಗೆ ತೂತು ಹೊಡೆಯುವ ಹುಚ್ಚು ಬೇಡವೇ ಬೇಡ. ಬಿರುಕು ಶುರುವಾಗುವುದೇ ತೂತಿನ ಅಂಚಿನಿಂದ. ಚಕ್ರವನ್ನು ಪೂರ್ತಿ ಮುಚ್ಚುವ ಕ್ಯಾಪ್ ತೆಗೆದರೆ ಅಷ್ಟೋ ಇಷ್ಟೋ ಗಾಳಿ ಬಿಟ್ಟಿಯಾಗಿ ಸಿಗುತ್ತದೆ.

ಘಟ್ಟ ಇಳಿಯುವವರಿಗೆ ಮಾತ್ರ ಲೆಕ್ಕವೇ ಬೇರೆ. 1,200 ಕಿಲೊ ತೂಕದ ಕಾರನ್ನು ಗಂಟೆಗೆ 100 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದರೆ ಬ್ರೇಕಿಗೆ ಬೀಳುವ ಶಕ್ತಿ ಸುಮಾರು 460 ಕಿಲೊಜೂಲ್. ಅದೇ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಕಳೆಯಬೇಕಾದ ಶಕ್ತಿ 5,900 ಕಿಲೊಜೂಲ್‌ಗೆ ಹತ್ತಿರ. ಟೈರು, ಗಾಳಿ ಸ್ವಲ್ಪ ತಿಂದುಕೊಳ್ಳುತ್ತವೆ. ಉಳಿದದ್ದನ್ನೆಲ್ಲ ಬ್ರೇಕೊಂದರ ತಲೆಗೇ ಕಟ್ಟಿದರೆ ಗತಿಯೇನು? ಪೈಪು ಇಲ್ಲಿ ಕೈಕೊಡುತ್ತದೆ. ಪೈಪಿನ ಬಾಯಿಗೆ ಬರುವ ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ: 90ರಲ್ಲಿ ಸಿಗುವ ಒತ್ತಡದ ಒಂಬತ್ತನೇ ಒಂದು ಪಾಲು ಮಾತ್ರ 30ರಲ್ಲಿ. ತಿರುವುಗಳಲ್ಲಿ ನಿಧಾನವಾಗಿ ಇಳಿಯುವ ಕಾರಿಗೆ ಗಾಳಿ ಎಲ್ಲಿಂದ ಬರಬೇಕು? ಅಲ್ಲಿ ಭಾರ ಹೊರಬೇಕಾದದ್ದು ಎಂಜಿನ್ನು. ಎರಡನೆಯದೋ ಮೂರನೆಯದೋ ಗೇರಿನಲ್ಲಿ ಇಳಿಯಿರಿ. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವವರ ಜೊತೆ ವಾದ ಮಾಡಿ ನನಗೆ ಸಾಕಾಗಿದೆ. ಈಗಿನ ಇಂಜೆಕ್ಷನ್ ಎಂಜಿನ್ನು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲನ್ನೇ ನಿಲ್ಲಿಸುತ್ತದೆ, ನ್ಯೂಟ್ರಲ್‌ನಲ್ಲಿ ಐಡ್ಲಿಂಗಿಗೆ ಕುಡಿಯುತ್ತಲೇ ಇರುತ್ತದೆ.

ಇಳಿಜಾರಿನಲ್ಲಿ ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡು ಕಾದು ಹಿಡಿತ ಬಿಟ್ಟಿದೆ. ಪೆಡಲ್ ಮೆತ್ತಗಾಗಿ ಒಳಗೆ ಹೋದರೆ ಆಯಿಲ್ ಕುದ್ದು ಗುಳ್ಳೆಯೆದ್ದಿದೆ; ಇದು ಹೆಚ್ಚು ಭಯದ್ದು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ರಲ್ಲಿ ಇದೇ ಅಂಕಿಗಳು 205, 140. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಿಸಿದರೆ ಘಟ್ಟದಲ್ಲಿ ಆಗುವ ಲಾಭ ಯಾವ ಪೈಪಿನಿಂದಲೂ ಆಗದು. ಡಿಸ್ಕು ಸವೆದು ತೆಳ್ಳಗಾಗಿದ್ದರೂ ಬೇಗ ಕಾಯುತ್ತದೆ, ಬಿಸಿ ಹಿಡಿದಿಡಲು ಕಬ್ಬಿಣವೇ ಕಮ್ಮಿಯಲ್ಲವೆ? ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕಿನ ಮೇಲೇ ಅಚ್ಚೊತ್ತಿರುತ್ತಾರೆ, ತುಕ್ಕು ಒರೆಸಿ ಓದಬೇಕು. ಇಳಿದು ಮುಗಿಸಿದ ಮೇಲೆ ಡಿಸ್ಕಿಗೆ ನೀರು ಎರಚಬೇಡಿ. ಬ್ರೇಕ್ ಮುಟ್ಟದೆ ಸ್ವಲ್ಪ ದೂರ ಮೆಲ್ಲಗೆ ಓಡಿಸಿದರೆ ತಾನಾಗಿ ತಣಿಯುತ್ತದೆ.

ಸಂಪಾದಕರಲ್ಲಿ ಒಂದು ಕೋರಿಕೆ. ನಿಮ್ಮ ವಾಹನ ಪುಟದಲ್ಲಿ ಬ್ರೇಕಿನ ಚಿತ್ರ ಹಾಕುವಾಗಲೆಲ್ಲ ಹೊರಬದಿಯ ಹೊಳೆಯುವ ಡಿಸ್ಕು, ಕೆಂಪು ಬಣ್ಣದ ಕ್ಯಾಲಿಪರ್ ಬರುತ್ತದೆ. ಒಮ್ಮೆ ಚಕ್ರದ ಒಳಬದಿಯಿಂದ ತೆಗೆದ ಚಿತ್ರ ಹಾಕಿ, ತಗಡು, ಹಬ್ಬು, ಪಿನ್ನಿನ ಬೂಟು ಎಲ್ಲ ಕಾಣುವ ಹಾಗೆ. ಪೈಪು ಎಳೆಯಹೊರಟವರು ಬಂಪರ್ ಕೊರೆಯುವ ಮೊದಲು ಅದನ್ನು ನೋಡಲಿ.

ಇಂತಿ,
ಬ್ರೇಕ್ ಕೆಲಸದ ಮೆಕ್ಯಾನಿಕ್, ನಿಮ್ಮ ಓದುಗ